ಎರಕದ ಎರೆ

ಕಳೆದ ಬೇಸಿಗೆಯ ರಜೆಯಲ್ಲಿ ನಾಲ್ಕು ದಿನ ಇದ್ದು ಬರೋಣವೆಂದು ಸುರಪುರದಿಂದ ಶಹಾಪುರದ ಅಕ್ಕನ ಮನೆಗೆ ಹೋಗಿದ್ದೆ. ಹಿತ್ತಲಿಗೆ ಕಾಲಿಟ್ಟೊಡನೆ ಒಂದು ವಿಚಿತ್ರ ವಾಸನೆ ಮೂಗಿಗೆ ಬಡಿಯಿತು. ಅದು ಅಡಿಗೆಯದಲ್ಲ, ಔಷಧಿಯದೂ ಅಲ್ಲ. ಹೊಸ ಮಳೆಯಂಗಿಯನ್ನು ಬಿಸಿಲಿಗೆ ಹರವಿದಾಗ ಬರುವಂಥದು. ಮೊದಲು ಕಟ್ಟಿಗೆ ಕುಳ್ಳು ಒಟ್ಟುತ್ತಿದ್ದ ಕೋಣೆಯಲ್ಲಿ ಅಕ್ಕನ ಮಗ ಮೂಗು ಬಾಯಿಗೆ ಮುಸುಕು ಕಟ್ಟಿಕೊಂಡು, ಕೈಗವಸು ತೊಟ್ಟು, ಸಣ್ಣ ಪಾತ್ರೆಯೊಂದರಿಂದ ಹಸಿರು ದ್ರವವನ್ನು ಬಿಳಿಯ ಗಟ್ಟಿಯೊಂದರ ತೂತಿನೊಳಗೆ ಎರೆಯುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಆ ಗಟ್ಟಿಯನ್ನು ಎರಡು ಹೋಳಾಗಿ ಬಿಡಿಸಿ, ಒಳಗಿದ್ದುದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ಕಪ್ಪೆ! ಕೈ ತಾನಾಗಿಯೇ ಹಿಂದಕ್ಕೆ ಹೋಯಿತು. ಕಪ್ಪೆ ನೆಲಕ್ಕೆ ಬಿದ್ದು ಎರಡು ಸಲ ಪುಟಿಯಿತು. ಅವನು ನಕ್ಕು, "ಮಾಮಾ, ನೀವೇ ಮೋಸ ಹೋದ್ರಿ ಅಂದ ಮ್ಯಾಲ ಮೀನದ್ದೇನು ಕಥಿ?" ಎಂದ.

ಹುಡುಗ ವಿಜ್ಞಾನದ ಪದವೀಧರ. ಪದವಿಯ ಮೊದಲೆರಡು ವರ್ಷ ಕನ್ನಡ ಪಾಠಕ್ಕೆ ನನ್ನ ಮುಂದೆಯೇ ಕೂತವನು. ಆಮೇಲೆ ಸರಕಾರಿ ನೌಕರಿಗೆಂದು ನಾಲ್ಕಾರು ಪರೀಕ್ಷೆಗಳನ್ನು ಬರೆದ. ಒಂದರ ಪಟ್ಟಿಯಲ್ಲಿಯೂ ಹೆಸರು ಬರಲಿಲ್ಲ. ಹೈದರಾಬಾದು, ಬೆಂಗಳೂರುಗಳಲ್ಲಿ ಭಾನುವಾರ ಬಂತೆಂದರೆ ಗಾಳದ ಕೋಲು ಹಿಡಿದು ಕೆರೆಯ ಕಡೆಗೆ ಹೊರಡುವ ಒಂದು ವರ್ಗವಿದೆಯಂತೆ. ಅವರಿಗೆ ಬೇಕಾದ ಮೆತ್ತನೆಯ ಪ್ಲಾಸ್ಟಿಕ್ ಕಪ್ಪೆ, ಹುಳು, ಸಣ್ಣ ಮೀನುಗಳು ಪರದೇಶದಿಂದ ಬಂದರೆ ತುಟ್ಟಿ. ಅವನ್ನು ಈ ಹಿತ್ತಲ ಕೋಣೆಯಲ್ಲಿ ಮಾಡಿ ಕೊರಿಯರಿನಲ್ಲಿ ಕಳಿಸಿ ನಾಲ್ಕು ಕಾಸು ಕಾಣತೊಡಗಿದ್ದ. ಈಗ ಕೇಳುವವರು ಹೆಚ್ಚಾಗಿದ್ದಾರೆ. ಇರುವ ಅಚ್ಚುಗಳು ಸಾಲುತ್ತಿಲ್ಲ. ಹೈದರಾಬಾದಿನಲ್ಲಿ ಯಂತ್ರದಿಂದ ಕೊರೆಸಿದ ಅಲ್ಯೂಮಿನಿಯಮ್ ಅಚ್ಚು ಬೇಕು. ಅದಕ್ಕೆ 40,000 ರೂಪಾಯಿ. ಸಾಲವಾಗಿ ಕೊಡಬೇಕೆಂದು ನನ್ನನ್ನು ಕೇಳಿದ.

ಯೋಚಿಸಿ ಹೇಳುತ್ತೇನೆ ಎಂದೆ. ಹೀಗೆಂದವರು ಯೋಚಿಸುವುದಿಲ್ಲ ಎಂಬುದು ಅವನ ಅನುಭವ. ಮುಖ ಸಣ್ಣದು ಮಾಡಿಕೊಂಡ. ಆದರೆ ನಾನು ನಿಜವಾಗಿಯೇ ಯೋಚಿಸಿದೆ. ಹಣದ ಚಿಂತೆಗಿಂತ ಹೆಚ್ಚಾಗಿ, ಆ ಕಪ್ಪೆಯನ್ನು ಕಂಡು ಕೈ ಹಿಂದಕ್ಕೆಳೆದುಕೊಂಡ ಗಳಿಗೆ ನನ್ನನ್ನು ಬಿಡಲಿಲ್ಲ. ಮೋಸ ಮಾಡುವುದೊಂದನ್ನು ಬಿಟ್ಟು ಬೇರೆ ಉಪಯೋಗವೇ ಇಲ್ಲದ ವಸ್ತುವನ್ನು ಮಾಡುವುದಕ್ಕೆ ನಾನು ಹಣ ಕೊಡಬಹುದೆ?

ವಾಚಕರಲ್ಲಿ ಬಹಳ ಮಂದಿಗೆ ಈ ವಿದ್ಯೆ ಹೊಸದಿರಬಹುದು, ನನಗಂತೂ ಹೊಸದು. ಅವನು ತಿಳಿಸಿದಷ್ಟನ್ನು ಹೇಳುತ್ತೇನೆ. ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿನ ನುಣುಪಾದ ಹಿಟ್ಟನ್ನು, ಅದನ್ನು ಮೆತ್ತಗಾಗಿಸುವ ಒಂದು ಎಣ್ಣೆಯಲ್ಲಿ ಕದಡಿದರೆ ಹಾಲಿನಂಥ ದ್ರವವಾಗುತ್ತದೆ. ಕಾಯಿಸಿದಾಗ ಅದು ಮೊದಲು ಗಂಜಿಯಂತೆ ಗಟ್ಟಿಯಾಗಿ, ಸುಮಾರು 175 ಡಿಗ್ರಿ ಸೆಲ್ಸಿಯಸಿಗೆ ಬಂದಾಗ ತಿಳಿಯಾಗಿ ಜೇನಿನಂತೆ ಹರಿಯುತ್ತದೆ. ಆಗ ಬಣ್ಣ ಬೆರೆಸಿ ಎರೆಯಬೇಕು. ಇನ್ನೂ ಕಾಯಿಸಿದರೆ ಹಳದಿಗೆ ತಿರುಗಿ ಕಣ್ಣು ಗಂಟಲು ಉರಿಸುವ ಆಮ್ಲದ ಹೊಗೆ ಬಿಡುತ್ತದೆ. ಒಂದು ಹನಿ ನೀರು ಬಿದ್ದರೂ ಸಿಡಿದು ಕೈ ಸುಡುತ್ತದೆ. ಪಾಕ ಮಾಡುವುದನ್ನು ವಾರದಲ್ಲಿ ಕಲಿಯಬಹುದಂತೆ; ಅಚ್ಚು ಯಾವುದರದಿರಬೇಕು ಎಂಬುದನ್ನು ಕಲಿಯಲು ಅವನಿಗೆ ಒಂದೂವರೆ ವರ್ಷ ಹಿಡಿಯಿತು.

ಮೊದಲು ಗೆಳೆಯನೊಬ್ಬನಿಂದ, ಯಂತ್ರದಲ್ಲಿ ಪದರ ಪದರವಾಗಿ ಮುದ್ರಿಸಿದ ಪ್ಲಾಸ್ಟಿಕ್ ಅಚ್ಚನ್ನು ತರಿಸಿದ. ಪಿ.ಎಲ್.ಎ. ಎಂಬ ಆ ಪ್ಲಾಸ್ಟಿಕ್ಕು 60 ಡಿಗ್ರಿಗೇ ಮೆತ್ತಗಾಗುವ ಜಾತಿಯದು. ಕುದಿಪಾಕ ಬಿದ್ದೊಡನೆ ಅಚ್ಚೇ ಕರಗಿ ಕಪ್ಪೆಯ ಕಾಲನ್ನು ಹಿಡಿದುಕೊಂಡಿತು. ಆಮೇಲೆ ಗಣಪತಿ ಮಾಡುವವರಲ್ಲಿ ಸಿಗುವ ಪ್ಲಾಸ್ಟರ್ ಆಫ್ ಪ್ಯಾರಿಸ್. ಗಿಪ್ಸಮ್ ಎಂಬ ಖನಿಜವನ್ನು ಸುಟ್ಟು ಅದರೊಳಗೆ ಸೇರಿಕೊಂಡ ನೀರಿನ ಮುಕ್ಕಾಲು ಪಾಲನ್ನು ಓಡಿಸಿದರೆ ಸಿಗುವ ಪುಡಿ ಅದು. ನೀರಿನಲ್ಲಿ ಕಲಸಿದರೆ ಕಳೆದುಕೊಂಡ ನೀರನ್ನು ಮತ್ತೆ ಹಿಡಿದುಕೊಂಡು ಕಲ್ಲಾಗುತ್ತದೆ. ಸ್ವಸ್ತಾ ವಸ್ತು, ಕೆಟ್ಟರೆ ದುಃಖವಿಲ್ಲ. ಆದರೆ ಬಿಸಿ ತಾಗಿದಾಗ ಆ ನೀರು ಮತ್ತೆ ಹೊರಗೆ ಹೊರಡುತ್ತದೆ. ಕಪ್ಪೆಯ ಹೊಟ್ಟೆಯ ತುಂಬ ಗುಳ್ಳೆಗಳು. ಅದಕ್ಕಾಗಿ ಅಚ್ಚನ್ನು ದಿನಗಟ್ಟಲೆ ಒಣಗಿಸಿ, ಒಳಮೈಗೆ ಎಪಾಕ್ಸಿ ಬಳಿದು, ಅದು ಗಟ್ಟಿಯಾದ ಮೇಲೆ ಎರೆಯಬೇಕು. ಅಷ್ಟು ಮಾಡಿದರೂ ಅರುವತ್ತೋ ಎಪ್ಪತ್ತೋ ಕಪ್ಪೆಗಳಾಗುವಷ್ಟರಲ್ಲಿ ಅಂಚು ಉದುರಿ, ಬೆರಳುಗಳು ಮೊಂಡಾಗಿ, ಮತ್ತೆ ಹೊಸ ಅಚ್ಚು. ಸಿಲಿಕೋನ್ ರಬ್ಬರಿನದಾದರೆ ಮೂಲದ ಚರ್ಮದ ಮೇಲಿನ ಒಂದೊಂದು ಗುಳುಪೆಯೂ ಬರುತ್ತದೆ, ಬಿಸಿಗೆ ಜಗ್ಗುವುದಿಲ್ಲ, ಬಾಗಿಸಿ ಬಿಡಿಸಬಹುದಾದ್ದರಿಂದ ತೆಳುವಾದ ಕಾಲುಗಳು ಹರಿಯದೆ ಹೊರಬರುತ್ತವೆ. ಆದರೆ ಅದಕ್ಕೆ ಹಣ ಹೆಚ್ಚು, ಒಳಗಿನ ಕಾವು ಬೇಗ ಹೊರಗೆ ಹೋಗದೆ ಕಾಯುತ್ತ ಕೂಡಬೇಕು, ಕೆಲ ಕಾಲದ ಮೇಲೆ ಹರಿಯುತ್ತದೆ. ಅಲ್ಯೂಮಿನಿಯಮ್ಮಿಗೆ ಈ ಯಾವ ರೋಗವೂ ಇಲ್ಲ. ಕಾವನ್ನು ಎಳೆದುಕೊಂಡುಬಿಡುತ್ತದೆ, ನೋಡುನೋಡುತ್ತಿದ್ದಂತೆ ಕಪ್ಪೆ ಸಿದ್ಧ, ಮೈಗೆ ಹೊಳಪು, ಸಾವಿರಾರು ತೆಗೆದರೂ ಮೊದಲನೆಯದಕ್ಕೂ ಕೊನೆಯದಕ್ಕೂ ಕೂದಲಷ್ಟು ಭೇದವಿಲ್ಲ.

ಮರದ ಅಚ್ಚನ್ನೂ ಪರೀಕ್ಷಿಸಬೇಕೆಂಬ ಆಸೆ ಅವನಿಗೆ ಬಂದಿತ್ತು. ನಮ್ಮ ಕಡೆ ಗೌರಿ ಹುಣ್ಣಿಮೆಗೆ ಸಕ್ಕರಿ ಆರತಿ ಮಾಡುವುದುಂಟಷ್ಟೆ? ನಮ್ಮ ಅವ್ವನ ಕಾಲದ ಅಚ್ಚುಗಳು ಅಕ್ಕನ ಟ್ರಂಕಿನಲ್ಲಿವೆ: ಆನೆ, ನವಿಲು, ಬಸವಣ್ಣ, ಗೋಪುರ. ಎರಡು ಹೋಳಿನ ಸಾಗುವಾನಿ ಅಚ್ಚನ್ನು ನೀರಿನಲ್ಲಿ ನೆನೆಹಾಕಿ, ದಾರದಿಂದ ಬಿಗಿದು ಸಕ್ಕರೆ ಪಾಕ ಹೊಯ್ಯುತ್ತಾರೆ; ಒದ್ದೆ ಮರಕ್ಕೆ ಪಾಕ ಅಂಟದೆ ಬೊಂಬೆ ಸಲೀಸಾಗಿ ಬಿಡುತ್ತದೆ. ಹುಡುಗ ಒಂದು ದಿನ ಟ್ರಂಕು ತೆಗೆದನಂತೆ. ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದು, "ಗೌರವ್ವನ ಅಚ್ಚಿನ್ಯಾಗ ಗಾಳದ್ದು ಎರಿತಿ ಏನೋ?" ಎಂದಳಂತೆ. ಅವನು ಹಾಗೆಯೇ ಮುಚ್ಚಿಟ್ಟ. ಒದ್ದೆ ಮರಕ್ಕೆ ಆ ಪಾಕ ಬಿದ್ದಿದ್ದರೆ ಸಿಡಿದು ಕಣ್ಣಿಗೇ ಕುತ್ತಾಗುತ್ತಿತ್ತು ಎಂಬುದು ಬೇರೆ ಮಾತು. ಅಕ್ಕನಿಗೆ ಆ ವಿಜ್ಞಾನ ತಿಳಿಯದು. ಅಚ್ಚಿಗೆ ಒಂದು ಮರ್ಯಾದೆಯಿದೆ, ಅದರಿಂದ ಏನು ಹುಟ್ಟುತ್ತದೆಯೋ ಅದರಲ್ಲಿ ಅಚ್ಚಿಗೂ ಪಾಲಿದೆ ಎಂಬುದಷ್ಟು ಅವಳಿಗೆ ಗೊತ್ತು. ತತ್ತ್ವಶಾಸ್ತ್ರ ಓದಿದವರಿಗೆ ಇದು ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ.

ಕನ್ನಡ ಮೇಷ್ಟರ ಚಟವನ್ನು ಓದುಗರು ಕ್ಷಮಿಸಬೇಕು. ಆ ರಾತ್ರಿ ಮಲಗಿದಾಗ 'ಎರೆ' ಎಂಬ ಮಾತು ತಲೆಯಲ್ಲಿ ತಿರುಗತೊಡಗಿತು. ಎರೆ ಎಂದರೆ ಹೊಯ್ಯು, ಅದರಿಂದಲೇ ಎರಕ. ಎರೆ ಎಂದರೆ ಗಾಳಕ್ಕೆ ಸಿಕ್ಕಿಸುವ ತಿನಿಸು. ಎರೆಹುಳು ಎಲ್ಲರಿಗೂ ಗೊತ್ತು. ಎರೆ ಎಂದರೆ ನಮ್ಮ ಭೀಮಾ ಕೃಷ್ಣೆಯರ ನಡುವಿನ ಕಪ್ಪು ನೆಲವೂ ಹೌದು. ಹೊಯ್ಯುವ ಎರೆಗೆ ಹಳಗನ್ನಡದಲ್ಲಿ ಶಕಟರೇಫ, ತಿನಿಸಿನ ಎರೆಗೆ ಸಾಮಾನ್ಯ ರೇಫ. ಆಗ ಇವು ಬೇರೆ ಬೇರೆ ಮಾತುಗಳು. ಶಕಟರೇಫ ಕಳೆದುಹೋದ ಮೇಲೆ ಕಿವಿಗೂ ಕಣ್ಣಿಗೂ ಒಂದಾದವು. ಹುಡುಗ ಮಾಡುತ್ತಿದ್ದುದು ಎರೆದ ಎರೆ.

ಇವೆರಡೂ ಒಂದೇ ಪುಸ್ತಕದಲ್ಲಿ ಸೇರಿಕೊಂಡ ಉದಾಹರಣೆಯೂ ನಮ್ಮ ಹತ್ತಿರದ್ದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ, ವಿಗ್ರಹವನ್ನು ಎರಕ ಹೊಯ್ಯುವ ಕ್ರಮವೂ ಇದೆ, 'ಮತ್ಸ್ಯವಿನೋದ'ವೆಂದು ಅರಸರು ಗಾಳ ಹಾಕಿ ಮೀನು ಹಿಡಿಯುವ ಕ್ರಮವೂ ಇದೆ. ಮೀನಿನ ಭಾಗವನ್ನು ವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ವಿವರವಾಗಿ ಪರಿಚಯಿಸಿದರು. ಎರಕದ ಭಾಗ ಇನ್ನೂ ಸೊಗಸು. ಮೊದಲು ಮೇಣದಲ್ಲಿ ಮೂರ್ತಿ ಮಾಡಬೇಕು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಸ್ವಲ್ಪ ಉಪ್ಪು ಸೇರಿಸಿ ನುಣ್ಣಗೆ ಅರೆದ ಮಣ್ಣನ್ನು ಅದರ ಮೇಲೆ ಮೂರು ಸಲ ಲೇಪಿಸಿ ನೆರಳಿನಲ್ಲಿ ಒಣಗಿಸಬೇಕು. ಮೇಣದ ತೂಕ ಮೊದಲೇ ನೋಡಿಕೊಂಡು ಬೆಳ್ಳಿಯಾದರೆ ಅದರ 12 ಪಟ್ಟು, ಚಿನ್ನವಾದರೆ 16 ಪಟ್ಟು ಲೋಹ ತೆಗೆದುಕೊಳ್ಳಬೇಕು. ಕಾಯಿಸಿ ಮೇಣವನ್ನು ಹೊರಹರಿಸಿ, ಆ ಖಾಲಿಯೊಳಕ್ಕೆ ಲೋಹವನ್ನು ಹೊಯ್ದು, ಆರಿದ ಮೇಲೆ ಮಣ್ಣಿನ ಅಚ್ಚನ್ನು ಒಡೆದು ಮೂರ್ತಿಯನ್ನು ಹೊರತೆಗೆಯಬೇಕು. ಒಂದು ಅಚ್ಚಿಗೆ ಒಂದೇ ಮೂರ್ತಿ. ಇನ್ನೊಂದು ಬೇಕೆಂದರೆ ಮತ್ತೆ ಮೇಣದಿಂದ ಆರಂಭ. ಅರಸ ಮೀನಿಗೆ ಒಡ್ಡುತ್ತಿದ್ದುದು ಹಿಟ್ಟು, ಅನ್ನ, ಮಾಂಸ: ಮೀನು ಗಾಳವನ್ನು ತಪ್ಪಿಸಿಕೊಂಡರೆ ಕನಿಷ್ಠ ಊಟವಾದರೂ ನಿಜ. ಎರಕದ ತಿನಿಸು ಅವನಿಗೆ ಹೊಳೆಯಲಿಲ್ಲ. ಆ ಪ್ಲಾಸ್ಟಿಕ್ ಹುಳು ಹುಟ್ಟಿದ್ದು 1949ರಲ್ಲಿ, ಅಮೆರಿಕದ ಓಹಾಯೋ ರಾಜ್ಯದ ಏಕ್ರನ್ ಎಂಬ ಊರಿನಲ್ಲಿ. ನಿಕ್ ಕ್ರೀಮ್ ಎಂಬಾತನೂ ಅವನ ಹೆಂಡತಿಯೂ ಮನೆಯಲ್ಲಿಯೇ ಪಾಕ ಕಾಯಿಸಿ ಎರೆದರು. ಶಹಾಪುರದ ಹಿತ್ತಲ ಕೋಣೆಗೂ ಅದಕ್ಕೂ ಹೆಚ್ಚು ಅಂತರವಿಲ್ಲ.

ಮೀನಿಗೆ ಹೇಳಿದ ಸುಳ್ಳು ಸುಳ್ಳೇ? ಜರ್ಮನಿಯ ಕಾಂಟ್ 1797ರ ಒಂದು ಲೇಖನದಲ್ಲಿ, ಗೆಳೆಯನನ್ನು ಕೊಲ್ಲಬಂದವನು ಬಾಗಿಲಲ್ಲಿ ನಿಂತು 'ಒಳಗಿದ್ದಾನೆಯೆ?' ಎಂದು ಕೇಳಿದರೂ ಸುಳ್ಳು ಹೇಳುವ ಹಕ್ಕು ನಮಗಿಲ್ಲ ಎಂದು ವಾದಿಸಿದ. ಅಷ್ಟು ಕಠಿಣನಾದ ಕಾಂಟ್ ಮೀನಿನ ವಿಷಯದಲ್ಲಿ ಸುಮ್ಮನಿರುತ್ತಾನೆ; ಅವನ ಸತ್ಯವೆಲ್ಲ ಮನುಷ್ಯ ಮನುಷ್ಯರ ನಡುವಿನದು. ನಮ್ಮ ಪುರಾಣಗಳು ಇಷ್ಟು ಗಟ್ಟಿ ಗೆರೆ ಎಳೆಯುವುದಿಲ್ಲ. ಸೀತೆಯ ಮುಂದೆ ಸುಳಿದ ಹೊನ್ನಿನ ಜಿಂಕೆಯೂ ಒಂದು ಎರೆಯೇ. ಅದರಿಂದ ಲಂಕೆ ಸುಟ್ಟಿತು. ಯುದ್ಧ ಮುಗಿದ ಮೇಲೆ ಕುರುಡ ಧೃತರಾಷ್ಟ್ರ ಅಪ್ಪಿಕೊಳ್ಳುವೆನೆಂದು ತೋಳು ಚಾಚಿದಾಗ ಕೃಷ್ಣ ಮುಂದೆ ನೂಕಿದ ಕಬ್ಬಿಣದ ಭೀಮನೂ ಒಂದು ಎರೆಯೇ. ಅದರಿಂದ ನಿಜವಾದ ಭೀಮನೂ ಉಳಿದ, ಮುದುಕನೂ ಇನ್ನೊಂದು ಪಾಪದಿಂದ ಉಳಿದ. (ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ್ದರಿಂದ ಅವನ ಬಾಯಲ್ಲಿ ಈ ಕಥೆಯನ್ನು ಕೇಳುವ ಭಾಗ್ಯ ನಮಗಿಲ್ಲ, ಮುಂದಿನ ಪರ್ವಗಳನ್ನು ಹೇಳಿದವನು ತಿಮ್ಮಣ್ಣ ಕವಿ.) ಆದ್ದರಿಂದ ರೂಪದ ಸುಳ್ಳೆಲ್ಲ ಕೆಟ್ಟದ್ದೆಂದು ಹೇಳುವ ಧೈರ್ಯ ನನಗಿಲ್ಲ.

ಮರುದಿನ ಈ ಮಾತು ತೆಗೆದಾಗ ಹುಡುಗ ತನ್ನ ಪಕ್ಷವನ್ನು ಚೆನ್ನಾಗಿಯೇ ಹೇಳಿದ. ಕೃಷ್ಣಾ ಮೇಲ್ದಂಡೆಯ ಕಾಲುವೆ ಬಂದ ಮೇಲೆ ಶಹಾಪುರ ಸುರಪುರದ ಎರೆ ಹೊಲಗಳಲ್ಲಿ ಜೋಳದ ಜಾಗಕ್ಕೆ ಭತ್ತ ಬಂತು, ಕೆರೆ ಹಳ್ಳಗಳಲ್ಲಿ ನೀರು ನಿಂತಿತು, ನೀರಿನೊಡನೆ ಕೊರಮೀನು. ಇಂಗ್ಲಿಷಿನಲ್ಲಿ ಮುರ್ರೆಲ್ ಎನ್ನುವ, ಹಾವಿನ ತಲೆಯಂಥ ತಲೆಯ ಈ ಮೀನು ಓಡಾಡುವ ಜೀವವನ್ನೇ ಹಿಡಿದು ತಿನ್ನುವಂಥದು. ಸತ್ತ ಹಿಟ್ಟಿನುಂಡೆಯನ್ನು ಮೂಸುವುದಿಲ್ಲ. ಅದನ್ನು ಹಿಡಿಯುವವರು ಜೀವಂತ ಕಪ್ಪೆಯ ಬೆನ್ನಿಗೆ ಗಾಳ ಚುಚ್ಚಿ, ಅದು ಕೈಕಾಲು ಬಡಿಯುತ್ತಿರುವಾಗಲೇ ನೀರಿಗೆ ಬಿಡುತ್ತಾರೆ. "ನನ್ನ ಕಪ್ಪಿಗೆ ನೋವಿಲ್ಲ, ಮಾಮಾ. ಒಂದು ನೂರು ಕಪ್ಪಿ ಉಳಿಸೀನಿ," ಎಂದ. ಈ ವಾದ ಹಗುರವಾದದ್ದಲ್ಲ. ಮೀನು ತಿನ್ನದ ಮನೆಯಲ್ಲಿ ಹುಟ್ಟಿದ ನಾನು ಮೀನು ಹಿಡಿಯುವವರ ಮೇಲೆ ತೀರ್ಪು ಕೊಡುವುದೂ ಸಲ್ಲದು. ಅಂಬಿಗರ ಚೌಡಯ್ಯನನ್ನು ವರ್ಷವರ್ಷವೂ ಪಾಠ ಹೇಳುತ್ತ, ನದಿಯಿಂದ ಬದುಕುವವರನ್ನು ಕೀಳಾಗಿ ಕಾಣುವುದಕ್ಕೆ ನನಗೆ ನಾಚಿಕೆಯಾಗಬೇಕು. ಆದರೆ ಭೀಮೆಯ ದಂಡೆಯ ಬಲೆಗಾರ ಹೊಟ್ಟೆಗಾಗಿ ಹಿಡಿಯುತ್ತಾನೆ; ಬಲೆ ಮೀನನ್ನು ಕರೆಯುವುದಿಲ್ಲ, ಏನನ್ನೂ ತೋರಿಸಿ ಆಸೆ ಹುಟ್ಟಿಸುವುದಿಲ್ಲ. ಈ ಹುಡುಗನ ಗಿರಾಕಿಗಳಲ್ಲಿ ಅನೇಕರು ಮೀನನ್ನು ಹಿಡಿದು, ಚಿತ್ರ ತೆಗೆಸಿಕೊಂಡು, ಮತ್ತೆ ನೀರಿಗೆ ಬಿಡುತ್ತಾರಂತೆ. ಯಾದಗಿರಿಯ ಸೇತುವೆಯ ಕೆಳಗೆ ಬಲೆ ಒಣಗಿಸುತ್ತಿದ್ದ ಮುದುಕನೊಬ್ಬನಿಗೆ ಇದನ್ನು ಹೇಳಿದೆ. "ಬಿಡೂದಿದ್ರ ಹಿಡಿಯೂದು ಯಾಕ್ರೀ ಸರ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ದಯೆಯೆಂದು ಅವರು ತಿಳಿದದ್ದು ಆ ಮುದುಕನಿಗೆ ಚೇಷ್ಟೆಯಾಗಿ ಕಂಡಿತು.

ವಾದ ಮುಂದುವರಿದಾಗ ನಾನು ಜನ್ನನ ಮೊರೆಹೊಕ್ಕೆ. 1209ರ 'ಯಶೋಧರ ಚರಿತೆ'ಯಲ್ಲಿ ರಾಜ ಯಶೋಧರ, ತಾಯಿಯ ಒತ್ತಾಯಕ್ಕೆ, ಜೀವದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿ ಕೊಡುತ್ತಾನೆ. ಕತ್ತಿ ಬಿದ್ದೊಡನೆ ಹಿಟ್ಟು ಕೂಗುತ್ತದೆ. ಆಮೇಲೆ ತಾಯಿ ಮಗ ಇಬ್ಬರೂ ಪಶುಪಕ್ಷಿಗಳಾಗಿ ಜನ್ಮ ಜನ್ಮ ತೊಳಲುತ್ತಾರೆ. ಒಂದು ಜನ್ಮದಲ್ಲಿ ಆ ರಾಜ ಮೀನಾಗುತ್ತಾನೆ. ಪ್ರತಿಮೆಯೆಂದು ಹಿಂಸೆ ಹಗುರವಾಗುವುದಿಲ್ಲ ಎಂದು ನಾನು ಹೇಳಬೇಕೆಂದಿದ್ದೆ. ಹುಡುಗ ನನಗೆ ಬಾಯಿ ಬಿಡಗೊಡಲಿಲ್ಲ. "ಗೊತ್ತದ ಮಾಮಾ. 'ಸಂಕಲ್ಪವೇ ಹಿಂಸೆ, ಕ್ರಿಯೆ ಅದರ ನೆರಳು.' ನೀವೇ ಬರೆಸಿದ್ದು, ಐದು ಮಾರ್ಕ್ಸಿನ ಪ್ರಶ್ನೆ. ನನ್ನ ಸಂಕಲ್ಪ ಮೀನು ಕೊಲ್ಲೂದಲ್ಲ, ಹೊಟ್ಟಿ ಹೊರಕೊಳ್ಳೂದು. ಹಂಗಾದ್ರ ನನಗ ಪಾಪ ಇಲ್ಲಲ?"

ಅವನು ಅಣಕಿಸಲಿಲ್ಲ, ನಿಜವಾಗಿಯೇ ಕೇಳಿದ. ಆ ವಾಕ್ಯ ನನ್ನದೇ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಂದು ರಾತ್ರಿ ಕುಳಿತು ಬರೆದ ಟಿಪ್ಪಣಿಯದು. ಆ ರಾತ್ರಿ ಅದು ನನಗೆ ಹೊಸದಾಗಿ ಹೊಳೆದ ಮಾತಾಗಿತ್ತು. ಆಮೇಲೆ ಹದಿನೈದು ವರ್ಷ, ಒಂದಕ್ಷರ ಬದಲಿಸದೆ, ತರಗತಿ ತರಗತಿಗೂ ಅದನ್ನೇ ಬರೆಸಿದ್ದೇನೆ. ನೂರಾರು ಉತ್ತರ ಪತ್ರಿಕೆಗಳಲ್ಲಿ ಅದನ್ನೇ ಓದಿ ಐದಕ್ಕೆ ನಾಲ್ಕು ಕೊಟ್ಟಿದ್ದೇನೆ. ಅದು ನಿಜವೇ ಎಂದು ಮತ್ತೆ ಯೋಚಿಸಿದ ನೆನಪಿಲ್ಲ. ಯಶೋಧರನ ಸಂಕಲ್ಪವೂ ಕೊಲ್ಲುವುದಾಗಿರಲಿಲ್ಲ. ತಾಯಿಯ ಮನಸ್ಸನ್ನು ನೋಯಿಸದೆ ಕೊಲೆಯನ್ನು ತಪ್ಪಿಸುವುದೇ ಅವನ ಉಪಾಯವಾಗಿತ್ತು. ಹಾಗಿದ್ದೂ ಜನ್ನ ಅವನನ್ನು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದೇ ಆ ಕಾವ್ಯದ ಪ್ರಶ್ನೆ. ನನ್ನ ಟಿಪ್ಪಣಿ ಆ ಪ್ರಶ್ನೆಯನ್ನೇ ನುಂಗಿ ಕೂತಿತ್ತು.

ಆಗ ನನಗೆ ಅಚ್ಚಿನ ವಿಷಯ ಬೇರೆಯಾಗಿ ಕಂಡಿತು. ಅಚ್ಚು ಎಂದರೇನು? ಒಮ್ಮೆ ಮಾಡಿದ ನಿರ್ಧಾರವನ್ನು ಮತ್ತೆ ಮಾಡುವ ಶ್ರಮವಿಲ್ಲದೆ ಸಾವಿರ ಸಲ ನಡೆಸುವ ಉಪಾಯ. ಚಾಲುಕ್ಯರ ಎರಕಗಾರ ಪ್ರತಿ ಮೂರ್ತಿಗೂ ಅಚ್ಚನ್ನು ಒಡೆಯಬೇಕಿತ್ತು. ಆದ್ದರಿಂದ ಪ್ರತಿ ಸಲವೂ, ಇದು ಬೇಕೆ, ಹೀಗೆಯೇ ಬೇಕೆ ಎಂದು ಮೇಣದ ಮುಂದೆ ಕೂಡಬೇಕಿತ್ತು. ಪ್ಲಾಸ್ಟರಿನ ಅಚ್ಚು ಅರುವತ್ತು ಕಪ್ಪೆಗೊಮ್ಮೆ ಉದುರಿ ಹುಡುಗನನ್ನು ನಿಲ್ಲಿಸುತ್ತದೆ. ಆ ನಿಂತ ಎರಡು ದಿನಗಳಲ್ಲಿ ಅವನು ಕಾಲಿನ ಆಕಾರವನ್ನು ತಿದ್ದಿದ್ದಾನೆ, ಗಾಳದ ಜಾಗವನ್ನು ಬದಲಿಸಿದ್ದಾನೆ, ಬೇಡವೆಂದು ಬಿಟ್ಟೂ ಬಿಡಬಹುದಿತ್ತು. ಅಲ್ಯೂಮಿನಿಯಮ್ ಯಾರನ್ನೂ ನಿಲ್ಲಿಸುವುದಿಲ್ಲ. ಅವನು ಲೋಹದ ಗುಣವೆಂದು ಹೊಗಳಿದ್ದು ನನಗೆ ಭಯ ಹುಟ್ಟಿಸಿದ್ದು ಈ ಕಾರಣಕ್ಕೆ. ಆದರೆ ಭಯಪಡುವ ಅಧಿಕಾರ ನನಗಿತ್ತೆ? ನನ್ನ ಟಿಪ್ಪಣಿಯ ಪುಸ್ತಕ ಯಾವ ಲೋಹದ್ದು ಎಂಬುದನ್ನು ಈಗ ತಾನೆ ಅವನು ತೋರಿಸಿದ್ದ. ಅವನ ಕಪ್ಪೆಯಿಂದ ಒಂದು ಮೀನು ಮೋಸ ಹೋಗುತ್ತದೆ. ನನ್ನದರಿಂದ ಎಷ್ಟು ಮಕ್ಕಳು ತಿಳಿಯಿತೆಂದುಕೊಂಡು ಎದ್ದುಹೋದರೋ.

ಇಷ್ಟರಲ್ಲಿ ನಿಲ್ಲಿಸಿದ್ದರೆ ಅವನಿಗೆ ಅಂದೇ ಹಣ ಕೊಡುತ್ತಿದ್ದೆ. ಆದರೆ ಸಂಜೆ ಅವನು ಒಂದು ವಿಷಯ ಹೇಳಿದ. ಅದನ್ನು ಹೇಳಬೇಕೆಂದು ಹೇಳಲಿಲ್ಲ, ಕಪ್ಪೆಯ ಗುಣ ವರ್ಣಿಸುವಾಗ ಬಾಯಿಗೆ ಬಂತು. ಮಳೆಗಾಲದಲ್ಲಿ ಕೊರಮೀನು ಮರಿ ಮಾಡುತ್ತದೆ. ಮರಿಗಳು ಕೆಂಪು ಕೇಸರಿ ಬಣ್ಣದವು. ನೂರಾರು ಒಟ್ಟಾಗಿ ನೀರಿನ ಮೇಲಕ್ಕೆ ಬಂದು ಉಸಿರು ತೆಗೆದುಕೊಂಡು ಮತ್ತೆ ಮುಳುಗುತ್ತವೆ. ತಾಯಿ ತಂದೆ ಅವುಗಳ ಕೆಳಗೇ ಕಾವಲಿರುತ್ತವೆ. ಗಾಳದವರು ಆ ಕೆಂಪು ಗುಂಪನ್ನು ಹುಡುಕಿ, ಅದರ ನಡುವೆಯೇ ಕಪ್ಪೆಯನ್ನು ಎಸೆಯುತ್ತಾರೆ. ಮರಿಗಳನ್ನು ತಿನ್ನಬಂದ ಶತ್ರುವೆಂದು ತಾಯಿಯೋ ತಂದೆಯೋ ಅದರ ಮೇಲೆ ಬೀಳುತ್ತದೆ. "ಹಸಿವು ಇರದಿದ್ರೂ ಹೊಡೀತದ ಮಾಮಾ, ಗ್ಯಾರಂಟಿ," ಎಂದ. ಕಾವಲು ಹೋದ ಮರಿಗಳು ಉಳಿದ ಮೀನುಗಳ ಬಾಯಿಗೆ. ಹಿಡಿದು ಬಿಡುವ ದಯಾಳುಗಳು ಚಿತ್ರ ತೆಗೆಸಿಕೊಳ್ಳುವಷ್ಟರಲ್ಲಿಯೇ ಆ ಕೆಲಸ ಮುಗಿದಿರಬಹುದು.

ಹಸಿವಿಗೆ ಒಡ್ಡಿದ ಸುಳ್ಳನ್ನು ನಾನು ಹೇಗೋ ಒಪ್ಪಿಕೊಂಡಿದ್ದೆ. ಹಸಿದವನು ಬಾಯಿ ಹಾಕುತ್ತಾನೆ; ಅದರಲ್ಲಿ ಅಪಾಯವಿದೆ ಎಂಬುದು ನೀರಿನ ಲೋಕದ ಹಳೆಯ ನಿಯಮ. ಆದರೆ ಮಕ್ಕಳ ಮೇಲಿನ ಕಾಳಜಿಯನ್ನೇ ಗಾಳದ ದಾರವಾಗಿ ಮಾಡಿಕೊಳ್ಳುವುದು ಬೇರೆ. ಪ್ರಾಣಿಯಲ್ಲಿ ನಾವು ಗೌರವಿಸಬಹುದಾದ ಗುಣ ಯಾವುದಾದರೂ ಇದ್ದರೆ ಅದು ಇದು. ಅದನ್ನೇ ಅದರ ಬಾಯಿಗೆ ಕೊಕ್ಕೆಯಾಗಿ ಹಾಕುವುದು. ನಾನು ಇದನ್ನು ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕನೂ ಕೈ ನಿಲ್ಲಿಸಿದ್ದಳು. ಎರಡು ವರ್ಷದಿಂದ ಪೇಟೆಯ ಸಾಲವನ್ನು ಮಗನ ಪರವಾಗಿ ಸದ್ದಿಲ್ಲದೆ ತೀರಿಸುತ್ತ ಬಂದವಳು ಅವಳು.

ಇನ್ನೊಂದು ಮಾತೂ ಇತ್ತು. ಮುಳ್ಳುಕಂಟಿಗೆ ಸಿಕ್ಕಿ ದಾರ ಹರಿದಾಗ ಕಪ್ಪೆ ಕೆರೆಯಲ್ಲೇ ಉಳಿಯುತ್ತದೆ. ಮಣ್ಣಿನ ಗಣಪತಿ ಕರಗುತ್ತಾನೆ. ಕರಗದ ಗಣಪತಿಯನ್ನು ನೀರಿಗೆ ಬಿಡಬೇಡಿರೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಹೇಳುತ್ತದೆ. ಈ ಕಪ್ಪೆಗೆ ವಿಸರ್ಜನೆಯ ಶಾಸ್ತ್ರವಿಲ್ಲ, ಕರಗುವ ಗುಣವೂ ಇಲ್ಲ. ಬೋನಾಳ ಕೆರೆಯಂಥ ಹಕ್ಕಿಗಳ ಆಶ್ರಯದಲ್ಲಿ ಅದನ್ನು ಯಾವ ಕೊಕ್ಕರೆ ನುಂಗುತ್ತದೆಯೋ. ಹರಿದ ಕಪ್ಪೆಗಳನ್ನು ಮತ್ತೆ ಕರಗಿಸಿ ಎರೆಯಬಹುದು ಎಂದು ಹುಡುಗನೇ ಹೇಳಿದ. ಆದರೆ ಅವು ವಾಪಸು ಬರಬೇಕಲ್ಲ.

ಕೊನೆಗೆ ಹಣ ಕೊಟ್ಟೆ. ಪೂರ್ತಿ ಒಪ್ಪಿ ಕೊಟ್ಟೆನೆಂದು ಹೇಳಲಾರೆ. ಕೊಡದಿದ್ದರೆ ನನ್ನ ಕೈ ಶುದ್ಧವಾಗಿರುತ್ತಿತ್ತು. ಆ ಶುದ್ಧತೆಯ ಬೆಲೆಯನ್ನು ಅವನು ತೆರಬೇಕಾಗುತ್ತಿತ್ತು. ತಿಂಗಳಾದೊಡನೆ ಸಂಬಳ ಬರುವವನು ಇನ್ನೊಬ್ಬನ ಖರ್ಚಿನಲ್ಲಿ ಧರ್ಮಿಷ್ಠನಾಗುವುದು ನನಗೆ ಸರಿಯೆನಿಸಲಿಲ್ಲ. ಅವನ ಕಡೆಯಿಂದ ಒಂದು ಮಾತು ತೆಗೆದುಕೊಂಡೆ. ಪ್ರತಿ ಪೊಟ್ಟಣದಲ್ಲಿಯೂ ಒಂದು ಚೀಟಿ ಇಡಬೇಕು: ಕೆಂಪು ಮರಿಗಳ ಗುಂಪು ಕಂಡಲ್ಲಿ ಕಪ್ಪೆಯನ್ನು ಎಸೆಯಬಾರದು, ಹರಿದ ಕಪ್ಪೆಗಳನ್ನು ಕೆರೆಗೆ ಬಿಸುಡದೆ ಕಳಿಸಿದರೆ ಐದಕ್ಕೆ ಒಂದು ಹೊಸದು. ಚೀಟಿಯ ಕನ್ನಡ ನನ್ನದು, ಇಂಗ್ಲಿಷು ಅವನದು. ಆ ಜೂನಿನಿಂದ ನನ್ನ ಜನ್ನನ ಟಿಪ್ಪಣಿಯನ್ನೂ ಬರೆಸುವುದನ್ನು ಬಿಟ್ಟಿದ್ದೇನೆ. ಮಕ್ಕಳಿಗೆ ಇದರಿಂದ ತೊಂದರೆಯಾಗಿದೆ. 'ಸರ್, ಪರೀಕ್ಷೆಗೆ ಏನು ಬರೆಯಬೇಕು?' ಎಂದು ಕೇಳುತ್ತಾರೆ.

ಅಲ್ಯೂಮಿನಿಯಮ್ ಅಚ್ಚು ಬಂತು. ಕೆಲಸ ಚೆನ್ನಾಗಿ ನಡೆದಿದೆ. ನಾಲ್ಕು ತಿಂಗಳಲ್ಲಿ ವಾಪಸು ಬಂದ ಹರಿದ ಕಪ್ಪೆಗಳು ಹನ್ನೊಂದು. ಆಗಸ್ಟಿನಲ್ಲಿ ನಾನು ಶಹಾಪುರಕ್ಕೆ ಹೋದಾಗ ಹುಡುಗ ಒಂದು ಸಂಗತಿ ಹೇಳಿದ. ಚೀಟಿ ಓದಿದ ಗಿರಾಕಿಯೊಬ್ಬ ಬೆಂಗಳೂರಿನಿಂದ ಫೋನು ಮಾಡಿದ್ದನಂತೆ. ಇಂಥ ಮರಿಗಳ ಗುಂಪು ಇರುವುದೇ ತನಗೆ ಗೊತ್ತಿರಲಿಲ್ಲ, ತಿಳಿಸಿದ್ದು ಬಹಳ ಉಪಕಾರವಾಯಿತು; ನಿಮ್ಮ ಕಡೆಯ ಕೆರೆಗಳಲ್ಲಿ ಅವು ಈಗ ಮೇಲೆ ಬಂದಿವೆಯೆ, ಬಂದಿದ್ದರೆ ಗೆಳೆಯರೊಡನೆ ಶನಿವಾರವೇ ಹೊರಟುಬರುತ್ತೇನೆ ಎಂದು ಕೇಳಿದನಂತೆ.

"ನೀ ಏನಂದಿ?" ಎಂದು ಕೇಳಿದೆ.

"ಈ ವರ್ಷ ನಮ್ಮ ಕಡಿ ಮಳಿನೇ ಇಲ್ರೀ, ಕೆರಿ ಒಣಗ್ಯಾವ ಅಂದೆ."

ನಾವು ಮಾತಾಡುತ್ತಿದ್ದುದು ಪಡಸಾಲೆಯಲ್ಲಿ. ಆ ದಿನವೂ ಹೊರಗೆ ಮಳೆ ಹಿಡಿದಿತ್ತು. ಅಕ್ಕ ಸೋರುವ ಕಡೆ ಕೊಡ ಇಡುತ್ತಿದ್ದಳು.